ಲೂಪಸ್ ಮೂತ್ರಪಿಂಡಕ್ಕೆ ತಗುಲಿದಾಗ: ಗುರಿಯಿಟ್ಟು ಕೆಲಸ ಮಾಡುವ ಔಷಧಗಳು

ರೋಗನಿರೋಧಕ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವ ಲೂಪಸ್ ಕಾಯಿಲೆ ಇರುವ ನನ್ನ ತಂಗಿಯ ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿರುವುದು ತಿಳಿದ ಮೇಲೆ, ಈ ಕಾಯಿಲೆಯ ಚಿಕಿತ್ಸೆ ಎತ್ತ ಸಾಗುತ್ತಿದೆ ಎಂಬುದನ್ನು ಗಮನವಿಟ್ಟು ಓದುತ್ತಿದ್ದೇನೆ. ದೇಹವು ತನ್ನ ವಿರುದ್ಧವೇ ತಯಾರಿಸುವ ಪ್ರತಿಕಾಯಗಳು ಮೂತ್ರಪಿಂಡದ ಸೋಸುವ ಭಾಗದಲ್ಲಿ ಶೇಖರವಾಗಿ ಉರಿಯೂತ ಉಂಟುಮಾಡುವುದರಿಂದ, ಬಹುಕಾಲ ವೈದ್ಯರು ಸ್ಟೀರಾಯ್ಡ್, ಸೈಕ್ಲೋಫಾಸ್ಫಮೈಡ್, ಮೈಕೋಫಿನೊಲೇಟ್‌ಗಳಿಂದ ಇಡೀ ರೋಗನಿರೋಧಕ ವ್ಯವಸ್ಥೆಯನ್ನೇ ತಗ್ಗಿಸುತ್ತಿದ್ದರು. ಕಳೆ ಕೀಳಲು ಹೊಲವನ್ನೇ ಉತ್ತಂತೆ.

ಅಮೆರಿಕದಲ್ಲಿ 2020ರ ಡಿಸೆಂಬರ್‌ನಲ್ಲಿ ಈ ತೊಂದರೆಗೆ ಒಪ್ಪಿಗೆ ಪಡೆದ ಬೆಲಿಮುಮಾಬ್, ಪ್ರತಿಕಾಯಗಳ ಮೂಲವಾದ ಬಿ ಜೀವಕೋಶಗಳನ್ನು ಬದುಕಿಸುವ ಪ್ರೋಟೀನೊಂದನ್ನು ಹಿಡಿದು ತಡೆಯುತ್ತದೆ. 448 ಮಂದಿಯ ಪ್ರಯೋಗದಲ್ಲಿ, ಎರಡು ವರ್ಷಗಳ ಬಳಿಕ, ಹಳೆಯ ಔಷಧಗಳ ಜೊತೆಗೆ ಇದನ್ನೂ ಪಡೆದವರಲ್ಲಿ ಶೇ. 43ರಷ್ಟು ಜನರ ಮೂತ್ರಪಿಂಡ ನಿರೀಕ್ಷಿತ ಮಟ್ಟಕ್ಕೆ ಸುಧಾರಿಸಿತ್ತು. ಹಳೆಯವನ್ನಷ್ಟೇ ಪಡೆದವರಲ್ಲಿ ಶೇ. 32. ಇದು ಪವಾಡವಲ್ಲ, ಆದರೆ ಡಯಾಲಿಸಿಸ್‌ನ ಭಯದಲ್ಲಿರುವ ಮನೆಯವರಿಗೆ ಸಣ್ಣ ಅಂತರವೂ ಅಲ್ಲ. 2021ರ ಜನವರಿಯಲ್ಲಿ ಬಂದ ವೊಕ್ಲೊಸ್ಪೊರಿನ್, ರೋಗನಿರೋಧಕ ವ್ಯವಸ್ಥೆಯ ಇನ್ನೊಂದು ಬಗೆಯವಾದ ಟಿ ಜೀವಕೋಶಗಳನ್ನು ಹತ್ತಿಕ್ಕುತ್ತದೆ. ರಕ್ತದೊತ್ತಡದ ಮೇಲೆ ಕಣ್ಣಿಡಬೇಕಾಗುತ್ತದೆ. 2025ರಲ್ಲಿ ಒಪ್ಪಿಗೆ ದೊರೆತ ಒಬಿನುಟುಜುಮಾಬ್ ಬಿ ಜೀವಕೋಶಗಳನ್ನೇ ನಾಶಮಾಡುತ್ತದೆ.

ಸ್ಟೀರಾಯ್ಡ್ ಪ್ರಮಾಣವನ್ನು ಬೇಗ ಇಳಿಸಲು ಅವಕಾಶವಾಗುವುದೇ, ನನ್ನ ದೃಷ್ಟಿಯಲ್ಲಿ, ಇವುಗಳ ದೊಡ್ಡ ಲಾಭ. ಹಾಗೆಂದು ಹೊಸದು ಬಂತೆಂದು ಲೂಪಸ್‌ಗೆ ಬಹುಕಾಲದಿಂದ ಕೊಡುತ್ತಿರುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು.