ಕಿತ್ತಳೆ ಬಣ್ಣದ ಬೆನ್ನು

ಕೈಯನ್ನು ನೇರ ಮುಂದಕ್ಕೆ ಚಾಚಿ ಮುಷ್ಟಿ ಹಿಡಿಯಿರಿ. ಆ ಮುಷ್ಟಿ ಎಷ್ಟು ಜಾಗ ಮುಚ್ಚುತ್ತದೆ ನೋಡಿ. ನನಗೆ ಕಾಣುವುದು ಅದಕ್ಕಿಂತ ಸ್ವಲ್ಪ ಕಮ್ಮಿ. ಅದರ ಆಚೆ ಕತ್ತಲೂ ಇಲ್ಲ, ಬೆಳಕೂ ಇಲ್ಲ. ಏನೂ ಇಲ್ಲ.

ನಾರ್ವೆಯ ಬೈಟೊಸ್ಟೋಲೆನ್‌ನಲ್ಲಿ ನಾನು 20 ಕಿಲೋಮೀಟರ್ ಸ್ಕೀ ಓಟಕ್ಕೆ ನಿಂತ ದಿನ ಆ ಮುಷ್ಟಿಯಷ್ಟು ಜಾಗದಲ್ಲಿ ಇದ್ದದ್ದು ಒಂದೇ ಒಂದು. ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟ ಒಬ್ಬರ ಬೆನ್ನು.

ನಮ್ಮೂರು ತಿಪಟೂರಿನ ಹತ್ತಿರ. ಚಿಕ್ಕವಳಿದ್ದಾಗ ಹೊತ್ತು ಮುಳುಗಿದ ಮೇಲೆ ನಾನು ಅಂಗಳಕ್ಕೆ ಇಳಿಯುತ್ತಿರಲಿಲ್ಲ. ಇರುಳುಗಣ್ಣು ಅಂದರು. ನುಗ್ಗೆಸೊಪ್ಪು, ಕ್ಯಾರೆಟ್ ಎಲ್ಲ ತಿನ್ನಿಸಿದರು. ಅದಕ್ಕೆ ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಹೆಸರು ಸಿಕ್ಕಿದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ. ಮಬ್ಬಿನಲ್ಲಿ ನೋಡಲು ಬೇಕಾದ ಕೋಶಗಳು ಮೊದಲು ಸಾಯುತ್ತವೆ. ಆಮೇಲೆ ನೋಟ ಅಂಚಿನಿಂದ ಒಳಕ್ಕೆ ಮುದುಡುತ್ತಾ ಬರುತ್ತದೆ. ಅಮ್ಮ ಮದುವೆಯಾಗಿದ್ದು ಸ್ವಂತ ಸೋದರಮಾವನನ್ನು. ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಇದು ಜಾಸ್ತಿ ಎಂದು ಡಾಕ್ಟರ್ ಹೇಳಿದ ದಿನ, ಊರಿಗೆ ಬರುವ ರೈಲಿನಲ್ಲಿ ಅಮ್ಮ ಒಂದು ಮಾತೂ ಆಡಲಿಲ್ಲ. ಅಂದಿನಿಂದ ನನ್ನ ಕಣ್ಣಿನ ಭಾರವನ್ನು ಅವಳೇ ಹೊತ್ತುಕೊಂಡಿದ್ದಾಳೆ. ನಾನು ಎಲ್ಲಿಗಾದರೂ ಹೋಗಿಬಂದೆ ಅಂದರೆ ಅವಳು ಕೇಳುವುದು ಒಂದೇ ಪ್ರಶ್ನೆ. "ಬಿದ್ಯೇನೇ?"

ಮದುವೆಯಾಗಿ ಆಸ್ಲೋಗೆ ಬಂದೆ. ಇಲ್ಲಿ ಚಳಿಗಾಲದಲ್ಲಿ ಮೆಟ್ರೋ ರೈಲು ಹತ್ತಿದರೆ ಡಬ್ಬಿ ತುಂಬ ಸ್ಕೀ, ಕಾಲಿಗೆ ಕಟ್ಟಿ ಹಿಮದ ಮೇಲೆ ಜಾರುವ ಉದ್ದ ಹಲಗೆಗಳು. ಅಜ್ಜಂದಿರು, ಸ್ಕೂಲ್ ಮಕ್ಕಳು, ಕೈಯಲ್ಲಿ ಕೋಲು ಹಿಡಿದು ಕೊನೆಯ ಸ್ಟೇಷನ್‌ಗೆ ಹೋಗುತ್ತಾರೆ. ಅಲ್ಲಿಂದಲೇ ಕಾಡು ಶುರು. ನಾನು ಬಿಳಿ ಕೋಲು ಹಿಡಿದು ಅವರ ನಡುವೆ ಕೂತಿರುತ್ತಿದ್ದೆ. ಒಂದು ದಿನ ಪಕ್ಕದಲ್ಲಿದ್ದ ಹೆಂಗಸೊಬ್ಬರು ಕೇಳಿದರು, "ನೀನು ಸ್ಕೀ ಮಾಡುವುದಿಲ್ಲವಾ?" ನನಗೆ ಕಣ್ಣು ಕಾಣುವುದಿಲ್ಲ ಎಂದೆ. "ಅದು ಗೊತ್ತಾಯಿತು, ಸ್ಕೀ ಮಾಡುವುದಿಲ್ಲವಾ?" ಎಂದು ಮತ್ತೆ ಕೇಳಿದರು. ಅವರು ನಿವೃತ್ತ ಶಾಲಾ ಶಿಕ್ಷಕಿ. ಈ ದೇಶದಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ಮಾತ್ರ ಬಾಯಿ ಬರಲಿಲ್ಲ. ಟೀಚರ್ ಎಂದೇ ಕರೆಯತೊಡಗಿದೆ. ಐದು ಚಳಿಗಾಲದಿಂದ ಅವರೇ ನನ್ನ ಲೇಡ್‌ಸಾಗೆರ್. ಅಂದರೆ ಜೊತೆಗಾರ್ತಿ. ಗೈಡ್ ಎನ್ನುವುದಕ್ಕಿಂತ ಈ ನಾರ್ವೇಜಿಯನ್ ಪದ ನನಗೆ ಇಷ್ಟ. ಗೈಡ್ ದಾರಿ ತೋರಿಸುತ್ತಾನೆ, ಜೊತೆಗಾರ್ತಿ ಜೊತೆಗೆ ಬರುತ್ತಾಳೆ.

ಹಿಮದ ಮೇಲೆ ಯಂತ್ರ ಓಡಿಸಿ ಎರಡು ಸಮಾನಾಂತರ ಗೆರೆ ಒತ್ತಿರುತ್ತಾರೆ, ಥೇಟ್ ಎತ್ತಿನ ಗಾಡಿಯ ಜಾಡು. ಸ್ಕೀ ಅದರೊಳಗೆ ಕೂತರೆ ಸಮತಟ್ಟಿನಲ್ಲಿ ಕಣ್ಣಿನ ಕೆಲಸ ಕಮ್ಮಿ. ಜಾಡು ತಿರುಗಿದರೆ ಪಾದಕ್ಕೇ ಗೊತ್ತಾಗುತ್ತದೆ. ಕಷ್ಟ ಇರುವುದು ಇಳಿಜಾರಿನಲ್ಲಿ. ಅಲ್ಲಿ ಜಾಡು ಮುಗಿಯುತ್ತದೆ, ವೇಗ ಏರುತ್ತದೆ. ಮೋಡ ಕವಿದ ದಿನ ಹಿಮದ ಮೇಲೆ ನೆರಳೇ ಬೀಳುವುದಿಲ್ಲ. ನೆಲ ಯಾವುದು, ಆಕಾಶ ಯಾವುದು ಅಂತ ಕಣ್ಣಿದ್ದವರಿಗೇ ತಿಳಿಯುವುದಿಲ್ಲ. ಆಗ ನನಗೆ ಉಳಿಯುವುದು ದನಿ ಒಂದೇ.

ಮೊದಲ ವರ್ಷ ಆ ದನಿಯೇ ನನ್ನನ್ನು ಬೀಳಿಸಿತು. ಬಲಕ್ಕೆ ಇಲ್ಲಿ ಹೋಯ್ರೆ ಅನ್ನುತ್ತಾರೆ, ಎಡಕ್ಕೆ ವೆನ್‌ಸ್ತ್ರೆ. ಅಂಗಡಿಯಲ್ಲಿ, ಆಫೀಸಿನಲ್ಲಿ ಈ ಪದಗಳು ನನಗೆ ಚೆನ್ನಾಗಿಯೇ ಗೊತ್ತು. ಇಳಿಜಾರಿನಲ್ಲಿ ಮಾತ್ರ ಕಿವಿಯಿಂದ ಕಾಲಿಗೆ ಇಳಿಯುವಷ್ಟರಲ್ಲಿ ಅರೆಕ್ಷಣ ತಡವಾಗುತ್ತಿತ್ತು. ಹೋಯ್ರೆ ಅಂದಾಗ ಎಡಕ್ಕೆ ತಿರುಗಿ ಸ್ಪ್ರೂಸ್ ಮರದ ಬುಡಕ್ಕೆ ಹೋಗಿ ಬಿದ್ದೆ. ಟೀಚರ್ ನನ್ನ ಬೆನ್ನಿನ ಹಿಮ ಕೊಡವುತ್ತಾ, "ನೀನು ಚಿಕ್ಕವಳಿದ್ದಾಗ ಇದಕ್ಕೆ ಏನನ್ನುತ್ತಿದ್ದೆ?" ಎಂದು ಕೇಳಿದರು. ಎಡ, ಬಲ ಎಂದೆ. ಮನೆಗೆ ಹೋಗುವ ರೈಲಿನಲ್ಲಿ ಇಡೀ ದಾರಿ ಅವರು ಅದನ್ನೇ ಹೇಳಿಕೊಳ್ಳುತ್ತಿದ್ದರು. ಅಂದಿನಿಂದ ಆ ಕಾಡಿನಲ್ಲಿ ಎರಡು ಕನ್ನಡ ಪದ ಕೂಗುತ್ತಿವೆ. ಟೀಚರ್ ಸೊಂಟದ ಹಿಂದೆ ಒಂದು ಪುಟ್ಟ ಸ್ಪೀಕರ್ ಕಟ್ಟಿಕೊಳ್ಳುತ್ತಾರೆ, ಬಾಯಿಯ ಹತ್ತಿರ ಮೈಕ್. ದಾರಿ ನೇರ ಇದ್ದಾಗಲೂ ದನಿ ನಿಲ್ಲಬಾರದು. ಹೇಳಲು ಏನೂ ಇಲ್ಲದಿದ್ದರೆ "ಹಾಪ್, ಹಾಪ್, ಹಾಪ್" ಅನ್ನುತ್ತಲೇ ಇರಬೇಕು. ಆ ಹಾಪ್ ಎಲ್ಲಿಂದ ಬರುತ್ತದೋ ಅದೇ ನನ್ನ ದಾರಿ.

ಅಭ್ಯಾಸ ಅಂದರೆ ಚಳಿಗಾಲ ಮಾತ್ರ ಅಲ್ಲ. ಬೇಸಿಗೆಯಲ್ಲಿ ಡಾಂಬರು ರಸ್ತೆಯ ಮೇಲೆ ಚಕ್ರ ಇರುವ ರೋಲರ್ ಸ್ಕೀ. ಹಿಮಕ್ಕಿಂತ ನನಗೆ ಅದರ ಭಯವೇ ಜಾಸ್ತಿ. ಅದಕ್ಕೆ ಬ್ರೇಕ್ ಇಲ್ಲ, ಡಾಂಬರಿಗೆ ಕರುಣೆ ಇಲ್ಲ. ನನ್ನ ಬಲ ಮಂಡಿಯಲ್ಲಿ ಮೂರು ಗಾಯದ ಗುರುತುಗಳಿವೆ, ಮೂರೂ ಜುಲೈ ತಿಂಗಳವು. ಬೆಳಿಗ್ಗೆ ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲುತ್ತೇನೆ, ಕಣ್ಣು ಮುಚ್ಚಿ. ಸಮತೋಲಕ್ಕೆ ಕಣ್ಣನ್ನು ನಂಬುವ ಚಟ ಬಿಡಿಸಬೇಕಲ್ವಾ? ಎಲ್ಲಕ್ಕಿಂತ ಜಾಸ್ತಿ ಅಭ್ಯಾಸ ಮಾಡಿದ್ದು ಕೂರುವುದನ್ನು. ನಮ್ಮಿಬ್ಬರ ನಡುವೆ ಒಂದು ಕಟ್ಟಪ್ಪಣೆ ಇದೆ. ದನಿ ನಿಂತರೆ ಕೂತುಬಿಡು. ಯೋಚನೆ ಮಾಡಬೇಡ, ಹುಡುಕಬೇಡ, ಪಕ್ಕಕ್ಕೆ ವಾಲಿ ಕೂತುಬಿಡು. ನೂರಾರು ಸಲ ಕೂತು ಕಲಿತಿದ್ದೇನೆ.

ಬೈಟೊಸ್ಟೋಲೆನ್ ಆಸ್ಲೋದಿಂದ ಬಸ್ಸಿನಲ್ಲಿ ಮೂರು ನಾಲ್ಕು ಗಂಟೆಯ ದಾರಿ. ಸುಮಾರು 900 ಮೀಟರ್ ಎತ್ತರದ ಬೆಟ್ಟದೂರು. 1964ರಿಂದ ಅಲ್ಲಿ ಕಣ್ಣು ಕಾಣದವರ, ಅಂಗವೈಕಲ್ಯ ಇರುವವರ ಸ್ಕೀ ಓಟ ರಿಡ್ಡರ್‌ರೆನ್ನೆಟ್ ನಡೆಯುತ್ತಿದೆ. ಶುರು ಮಾಡಿದವರು ಎರ್ಲಿಂಗ್ ಸ್ಟೋರ್‌ಡಾಲ್. ಚಿಕ್ಕಂದಿನಲ್ಲೇ ಕಣ್ಣು ಕಳೆದುಕೊಂಡವರು, ನಾರ್ವೆಯಲ್ಲಿ ಹೆಸರು ಮಾಡಿದ ಹಾಡುಗಾರ. ಕುರುಡರು ಬೆಟ್ಟದಲ್ಲಿ ಸ್ಕೀ ಮಾಡಬಹುದು ಎಂದು ಅವರು ಹೇಳಿದ ಕಾಲಕ್ಕೆ ಚಳಿಗಾಲದ ಪ್ಯಾರಾಲಿಂಪಿಕ್ಸ್ ಇನ್ನೂ ಹುಟ್ಟೇ ಇರಲಿಲ್ಲ. ಅದು ಶುರುವಾಗಿದ್ದು 1976ರಲ್ಲಿ, ಸ್ವೀಡನ್ನಿನಲ್ಲಿ. ಅಂಗವೈಕಲ್ಯ ಇರುವವರಿಗಾಗಿ ಸ್ಟೋರ್‌ಡಾಲ್ ಕಟ್ಟಿಸಿದ ಆರೋಗ್ಯ ಮತ್ತು ಕ್ರೀಡಾ ಕೇಂದ್ರ 1970ರಿಂದ ಅದೇ ಊರಿನಲ್ಲಿದೆ. ರಿಡ್ಡರ್ ಅಂದರೆ ಕುದುರೆ ಏರಿದ ವೀರ. ಒಂದು ವಾರ ಊರೆಲ್ಲ ನಮ್ಮಂಥವರೇ. ಬಿಳಿ ಕೋಲಿನವರು, ಒಂದು ಕೈಯವರು, ಎರಡು ಸ್ಕೀ ಮೇಲೆ ಕುರ್ಚಿ ಬಿಗಿದು ಬರೀ ತೋಳಿನ ಬಲದಲ್ಲಿ ಬೆಟ್ಟ ಹತ್ತುವವರು. ಅಲ್ಲಿ ಯಾರೂ ನನ್ನನ್ನು ಅಯ್ಯೋ ಪಾಪ ಅನ್ನಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ, "ಇವತ್ತು ಸ್ಕೀಗೆ ಯಾವ ಮೇಣ ಹಾಕಿದೆ?"

ವಾರದ ನಡುವೆ ಬಂದೂಕಿನ ಆಟವನ್ನೂ ಆಡಿದೆ. ಅದರಲ್ಲಿ ಗುಂಡಿಲ್ಲ, ಕಿರಣ ಹೊಮ್ಮುತ್ತದೆ. ಕಿವಿಗೆ ಹೆಡ್‌ಫೋನ್. ಹತ್ತು ಮೀಟರ್ ದೂರದ ಗುರಿಯ ನಡುವಿಗೆ ಹತ್ತಿರವಾದಷ್ಟೂ ಸ್ವರ ಮೇಲೇರುತ್ತದೆ. ಏದುಸಿರು ಬಿಡುತ್ತಾ ಮಲಗಿ, ಆ ಸ್ವರವನ್ನು ತಾರಸ್ಥಾಯಿಯಲ್ಲಿ ಹಿಡಿದು ನಿಲ್ಲಿಸಬೇಕು. ಐದರಲ್ಲಿ ನಾಲ್ಕು ಬಿತ್ತು. ಚಿಕ್ಕಂದಿನಲ್ಲಿ ಕಲಿತ ಸರಳೆ ವರಸೆ ಹೀಗೆ ಕೈಹಿಡಿಯುತ್ತದೆ ಅಂತ ಯಾರಿಗೆ ಗೊತ್ತಿತ್ತು.

ದೊಡ್ಡ ಓಟದ ಬೆಳಿಗ್ಗೆ ಹಿಮ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ರಾತ್ರಿ ಚಳಿ, ಹಗಲು ಬಿಸಿಲು, ಹೀಗೆ ಕರಗಿ ಕರಗಿ ಗಟ್ಟಿಯಾದ ಹಿಮಕ್ಕೆ ಸಾದಾ ಮೇಣ ನಿಲ್ಲುವುದಿಲ್ಲ. ಕ್ಲಿಸ್ಟರ್ ಬೇಕು. ಟೂತ್‌ಪೇಸ್ಟಿನಂಥ ಟ್ಯೂಬಿನಲ್ಲಿ ಬರುತ್ತದೆ. ಸ್ಕೀ ತಿರುವಿ ಹಾಕಿ, ನಡುಭಾಗಕ್ಕೆ ಮಾತ್ರ ಸಣ್ಣ ಗೆರೆಗಳಾಗಿ ಹಿಂಡಿ, ಹೆಬ್ಬೆರಳಿನಿಂದ ತೀಡಬೇಕು. ಏರಿನಲ್ಲಿ ಕಾಲು ಒತ್ತಿದಾಗ ಅದು ಹಿಮವನ್ನು ಕಚ್ಚಿ ಹಿಡಿಯುತ್ತದೆ. ಕೈಗೆ, ಕೂದಲಿಗೆ, ಜಿಪ್ಪಿಗೆ ಎಲ್ಲ ನೂಲು ನೂಲಾಗಿ ಅಂಟುತ್ತದೆ. ನಮ್ಮ ಕಡೆ ಹಲಸಿನ ಹಣ್ಣು ಬಿಡಿಸಿದವರಿಗೆ ಇದು ಹೊಸದೇನಲ್ಲ. ಆ ಅಂಟಿಗೂ ನಾವು ಮೇಣ ಅಂತಲೇ ಅನ್ನುವುದು. ಅಮ್ಮ ಕಳಿಸಿದ್ದ ಕೊಬ್ಬರಿ ಎಣ್ಣೆ ಬ್ಯಾಗಿನಲ್ಲಿತ್ತು. ಇಬ್ಬರೂ ಕೈಗೆ ತಿಕ್ಕಿ ತೊಳೆದುಕೊಂಡೆವು.

ಮೊದಲ ಹತ್ತು ಕಿಲೋಮೀಟರ್ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಜಾಡು ಚೆನ್ನಾಗಿತ್ತು, ಕಾಲು ಚೆನ್ನಾಗಿತ್ತು. ದಾರಿಯಲ್ಲಿ ಸಹಾಯಕ್ಕೆ ನಿಂತಿದ್ದ ಸೇನೆಯ ಹುಡುಗ ಹುಡುಗಿಯರು ಬೆಚ್ಚಗಿನ ಬ್ಲೂಬೆರಿ ಸೂಪ್ ಕೊಟ್ಟರು. ಒಗ್ಗರಣೆ ಇಲ್ಲದ ಸಿಹಿಹುಳಿ ಸಾರಿನ ಹಾಗೆ. ಆಮೇಲೆ ಮರಗಳು ಮುಗಿದು ಬಯಲು ಬಂತು. ಗಾಳಿ ಎದ್ದಿತು. ಬಿಸಿಲು ಹೋಗಿ ಎಲ್ಲ ಒಂದೇ ಬಿಳುಪಾಯಿತು.

"ಇಳಿಜಾರು. ಮೊದಲು ನೇರ, ಆಮೇಲೆ ಎಡ." ಟೀಚರ್ ದನಿ. ನಾನು ಮಂಡಿ ಬಗ್ಗಿಸಿದೆ. ಹಾಪ್, ಹಾಪ್. ಕಿತ್ತಳೆ ಬೆನ್ನು ನೇರ ಮುಂದಿದೆ. "ಎಡ... ಎಡ..." ಬೆನ್ನು ನನ್ನ ಮುಷ್ಟಿಯಿಂದ ಎಡಕ್ಕೆ ಜಾರಿತು. ನಾನೂ ತಿರುಗಿದೆ. ಆ ಕ್ಷಣಕ್ಕೇ ಗರಗರ ಅಂತ ಹಿಮಗಡ್ಡೆ ಕೆರೆದ ಸದ್ದು.

ಆಮೇಲೆ ದನಿ ಇಲ್ಲ.

ಕೂತುಬಿಟ್ಟೆ. ಯಾವಾಗ ಕೂತೆ ಅಂತ ನನಗೇ ಗೊತ್ತಿಲ್ಲ, ಮೈಯೇ ಕೂತಿತು. ಸೊಂಟದ ಕೆಳಗೆ ಹಿಮ ಸರಕ್ಕನೆ ಜಾರಿ ನಿಂತಿತು. ಬಿಳಿ ಬಿಟ್ಟರೆ ಬೇರೆ ಏನೂ ಇಲ್ಲ. ಹಿಂದಿನಿಂದ ಯಾರೋ "ಲೋಯ್ಪೆ!" ಎಂದು ಕೂಗಿದರು, ದಾರಿ ಬಿಡಿ ಅಂತ. ಎರಡೂ ಕೋಲು ಎತ್ತಿ ತಲೆಯ ಮೇಲೆ ಆಡಿಸಿದೆ. ಇಬ್ಬರು ಪಕ್ಕದಲ್ಲೇ ಹಾದುಹೋದರು. ಅವರ ಗಾಳಿ ಕೆನ್ನೆಗೆ ತಾಗಿತು.

ಐದು ವರ್ಷದಲ್ಲಿ ನಾನು ಯಾವತ್ತೂ ಟೀಚರನ್ನು ಕೂಗಿ ಕರೆದಿರಲಿಲ್ಲ. ಕರೆಯುವ ಕೆಲಸ ಅವರದಾಗಿತ್ತು. ಅವತ್ತು ಕೂಗಿದೆ. ಉತ್ತರ ಇಲ್ಲ. ಮತ್ತೆ ಕೂಗಿದೆ. ಕೆಳಗಡೆ, ಬಲಗಡೆಯಿಂದ, ಸ್ಪೀಕರ್ ಇಲ್ಲದ ಸಣ್ಣ ದನಿ ಬಂತು, "ಇಲ್ಲಿದ್ದೇನೆ." ಸ್ಕೀ ಬಿಚ್ಚಿದೆ. ಕೋಲಿನಿಂದ ನೆಲ ತಡವುತ್ತಾ, "ಮಾತಾಡ್ತಾ ಇರಿ ಟೀಚರ್, ಮಾತಾಡ್ತಾ ಇರಿ" ಅನ್ನುತ್ತಾ ಇಳಿದೆ. ಕನ್ನಡದಲ್ಲಿ ಅಂದೆನೋ ನಾರ್ವೇಜಿಯನ್‌ನಲ್ಲೋ ನೆನಪಿಲ್ಲ. ಅವರು "ಹಾಪ್, ಹಾಪ್" ಅನ್ನತೊಡಗಿದರು. ನೋವಿನಲ್ಲಿ, ಸಣ್ಣಗೆ. ಆ ಹಾಪ್ ಹಿಡಿದೇ ಹೋಗಿ ಅವರ ಭುಜ ಮುಟ್ಟಿದೆ.

ಮಣಿಕಟ್ಟು ಆಗಲೇ ಊದಿತ್ತು. ಕೈಗವಸಿನ ಮೇಲಿಂದಲೇ ಬೆರಳಿಗೆ ತಿಳಿಯುತ್ತಿತ್ತು. ಓಟ ಇಲ್ಲಿಗೇ ಬಿಡೋಣ ಎಂದೆ. "ನೀನು ಬಿಡುತ್ತೀಯಾ?" ಎಂದರು. ನಾನು ಸುಮ್ಮನಿದ್ದೆ. "ನಾನೂ ಬಿಡುವುದಿಲ್ಲ" ಎಂದರು.

ಉಳಿದದ್ದು ಸುಮಾರು ಏಳು ಕಿಲೋಮೀಟರ್. ಟೀಚರ್ ಒಂದೇ ಕೋಲಿನಲ್ಲಿ ಹೊರಟರು. ಇನ್ನೊಂದನ್ನು ಮುಂದಿನ ತಿರುವಿನಲ್ಲಿದ್ದ ಸೇನೆಯ ಹುಡುಗಿಗೆ ಕೊಟ್ಟೆವು. ಏರಿನಲ್ಲಿ ಅವರ ಉಸಿರು ಕಟ್ಟುತ್ತಿತ್ತು, ಹಾಪ್ ತಪ್ಪುತ್ತಿತ್ತು. ಆಗ ನಾನು ಹಿಂದಿನಿಂದ ಎಣಿಸತೊಡಗಿದೆ. ಒಂದು, ಎರಡು, ಮೂರು, ನಾಲ್ಕು. ಅವರ ಕಾಲು ನನ್ನ ಎಣಿಕೆಗೆ ಕೂಡಿತು. ಸಮತಟ್ಟು ಬಂದಾಗ ಮತ್ತೆ ಅವರ ದನಿ, ಏರು ಬಂದಾಗ ನನ್ನದು. ಇಳಿಜಾರುಗಳನ್ನು ಸ್ಕೀ ಅಗಲಿಸಿ, ನೇಗಿಲ ಹಾಗೆ ನೆಲ ಕೆರೆಯುತ್ತಾ ತುಂಬ ನಿಧಾನ ಇಳಿದೆವು. ಎಷ್ಟೋ ಜನ ನಮ್ಮನ್ನು ದಾಟಿಹೋದರು.

ಕೆನಡಾದ ಬ್ರಯಾನ್ ಮೆಕೀವರ್ ಈ ಆಟದ ದೊಡ್ಡ ಹೆಸರು. ಕಣ್ಣಿನ ನಡುಭಾಗದ ನೋಟ ಹೋಗಿದ್ದರೂ 2002ರಿಂದ 2022ರವರೆಗೆ ಪ್ಯಾರಾಲಿಂಪಿಕ್ಸ್‌ನಲ್ಲಿ 16 ಚಿನ್ನ ಗೆದ್ದವರು. ವರ್ಷಗಟ್ಟಲೆ ಅವರ ಮುಂದೆ ಓಡಿದ್ದು ಸ್ವಂತ ಅಣ್ಣ ರಾಬಿನ್. 1998ರ ನಾಗಾನೊ ಒಲಿಂಪಿಕ್ಸ್‌ನಲ್ಲಿ ತಾನೇ ಓಡಿದ್ದ ಅಣ್ಣ, ಆಮೇಲೆ ತಮ್ಮನ ಕಣ್ಣಾದರು. ಪ್ಯಾರಾಲಿಂಪಿಕ್ಸ್‌ನಲ್ಲಿ ಪದಕ ಬಂದರೆ ಗೈಡಿನ ಕೊರಳಿಗೂ ಪದಕ ಹಾಕುತ್ತಾರೆ. ಅದು ಉಪಕಾರಕ್ಕೆ ಕೊಡುವ ಬಹುಮಾನ ಅಲ್ಲ. ಓಡಿದವರು ಇಬ್ಬರು, ಅದಕ್ಕೆ ಎರಡು. ಆ ಏಳು ಕಿಲೋಮೀಟರ್ ಆದ ಮೇಲೆ ನನಗೆ ಇದರಲ್ಲಿ ಎಳ್ಳಷ್ಟೂ ಅನುಮಾನ ಉಳಿದಿಲ್ಲ.

ಗೆರೆ ದಾಟಿದಾಗ ಧ್ವನಿವರ್ಧಕದಲ್ಲಿ ಎರಡೂ ಹೆಸರು ಕೂಗಿದರು. ಎರಡು ಗಂಟೆ ಐವತ್ತು ನಿಮಿಷ ಹಿಡಿದಿತ್ತು. ಟೀಚರ್ ಕೈಯಲ್ಲಿ ಕೂದಲೆಳೆಯಷ್ಟು ಬಿರುಕು ಇತ್ತು, ಸಂಜೆ ಹೊತ್ತಿಗೆ ಪಟ್ಟಿ ಬಿದ್ದಿತ್ತು.

ರಾತ್ರಿ ಊಟದ ಹೊತ್ತಿಗೆ ಅಮ್ಮನ ಫೋನ್.

"ಬಿದ್ಯೇನೇ?"

"ಇಲ್ಲಮ್ಮ, ಕೂತೆ ಅಷ್ಟೇ. ಬಿದ್ದಿದ್ದು ಟೀಚರ್."

ಅಮ್ಮ ಒಂದು ಕ್ಷಣ ಸುಮ್ಮನಾದಳು. ಆಮೇಲೆ ಒಂದರ ಹಿಂದೆ ಒಂದು ಪ್ರಶ್ನೆ. ಏನ್ ಹಚ್ಚಿದ್ರಿ, ಊಟ ಮಾಡಿದ್ರಾ ಅವರು, ನೀನು ಹೋಗಿ ಎಬ್ಬಿಸಿದ್ಯಾ, ಒಬ್ಬಳೇ ಹೋದ್ಯಾ? ಹೌದಮ್ಮ, ಒಬ್ಬಳೇ ಇಳಿದು ಹೋಗಿ ಎಬ್ಬಿಸಿದೆ ಎಂದೆ. ಅದನ್ನು ಎರಡು ಸಲ ಹೇಳಿಸಿಕೊಂಡಳು. ಆಮೇಲೆ, "ಫೋನ್ ಅವರಿಗೆ ಕೊಡೇ" ಎಂದಳು.

ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ. ತಿಪಟೂರಿನಿಂದ ಅಮ್ಮ ಜೋರಾಗಿ ಕೇಳಿದಳು, "ಯಾವ ಕೈನಮ್ಮಾ ಪೆಟ್ಟಾಗಿದ್ದು?"

ನಾನು ನಾರ್ವೇಜಿಯನ್‌ನಲ್ಲಿ ಹೇಳಿದೆ. ಟೀಚರ್ ಫೋನಿನ ಹತ್ತಿರ ಬಾಗಿ ತಾವೇ ಉತ್ತರ ಕೊಟ್ಟರು.

"ಬಲ."