ನೌಬಾದಿನ ನೆಲದಡಿಯ ಕಾಲುವೆ

ಚಿಂಚೋಳಿ ತಾಲ್ಲೂಕಿನ ನಮ್ಮೂರ ಕೆರೆಯಿಂದ ಹೊಲಗಳಿಗೆ ಇಳಿಯುವ ಹಳೆಯ ಕಾಲುವೆಯ ಹೂಳನ್ನು ಹೋದ ವರ್ಷದ ಬೇಸಿಗೆಯಲ್ಲಿ ನಾವೇ ವಂತಿಗೆ ಕೂಡಿಸಿ ತೆಗೆಸಿದ್ದೆವು. ತೂಬಿನ ಬುಡದಿಂದ ಹೊರಟ ಜೆಸಿಬಿ ಅರ್ಧ ದಾರಿಗೆ ಬರುವಷ್ಟರಲ್ಲಿ ಹಣ ಮುಗಿಯಿತು. ಮಳೆಗಾಲದಲ್ಲಿ ತೂಬು ತೆಗೆದ ದಿನ, ಹೊಸದಾಗಿ ತೋಡಿದ ಭಾಗದಲ್ಲಿ ರಭಸದಿಂದ ಓಡಿ ಬಂದ ನೀರು ಕೆಳಗಿನ ಹೂಳಿಗೆ ಬಡಿದು ನಿಂತು, ಏರಿಯನ್ನು ಒಡೆದುಕೊಂಡು ದೊಡ್ಡಪ್ಪನವರ ತೊಗರಿ ಹೊಲಕ್ಕೆ ನುಗ್ಗಿತು. ತೊಗರಿಗೆ ನಿಂತ ನೀರು ಆಗದು. ಎಂಟು ದಿನಗಳಲ್ಲಿ ಎರಡು ಎಕರೆ ಬೆಳೆ ಹಳದಿಗಟ್ಟಿ ಒಣಗಿತು. ಮೇಲಿನಿಂದಲೇ ಆರಂಭಿಸಬೇಕೆಂದು ಹಟ ಹಿಡಿದವನು ನಾನು. ಉಳಿದರ್ಧ ಕೆಲಸಕ್ಕೆ ಕೈ ಹಾಕುವ ಮೊದಲು, ಹಾಳುಬಿದ್ದ ಕಾಲುವೆಯೊಂದನ್ನು ಹಂತ ಹಂತವಾಗಿ ಬಿಡಿಸಿದ ಜಾಗವನ್ನು ಕಣ್ಣಾರೆ ನೋಡಿ ಬರಬೇಕೆಂದು ಈ ಮಾಘದಲ್ಲಿ ಬೀದರಿಗೆ ಹೊರಟೆ.

ಕಲಬುರಗಿಯಿಂದ ಬೀದರಿಗೆ 2017ರಲ್ಲಿ ಪೂರ್ತಿಯಾಗಿ ತೆರೆದ ರೈಲು ಮಾರ್ಗ ಸುಮಾರು 110 ಕಿಲೋಮೀಟರ್ ಉದ್ದವಿದೆ. ಮರಗುತ್ತಿಯ ಗುಡ್ಡಗಳಲ್ಲಿ ಗಾಡಿ ಒಂದೂವರೆ ಕಿಲೋಮೀಟರಿಗೂ ಉದ್ದವಾದ ಸುರಂಗವನ್ನು ಹೊಕ್ಕಿತು. ಕಿಟಕಿಯ ಗಾಜು ಕಪ್ಪಾಗಿ ನನ್ನ ಮುಖವೇ ಅದರಲ್ಲಿ ಕಾಣುತ್ತಿದ್ದಾಗ, ಇಂಥ ಯಂತ್ರಗಳ ಮಾತೇ ಇಲ್ಲದ ಕಾಲದಲ್ಲಿ ನೆಲದಡಿ ಬಗ್ಗಿ ಕುಳಿತು ಹಾರೆಯಿಂದ ಅಗೆದವರ ನೆನಪಾಯಿತು. ಹುಮನಾಬಾದ್ ದಾಟಿದ ಮೇಲೆ ಕರಿಮಣ್ಣು ಹಿಂದುಳಿದು, ಬೀದರ್ ಹತ್ತಿರವಾದಂತೆ ನೆಲ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು.

ನೋಡಬೇಕಾದ ಕಾಲುವೆಯ ಮೂಲ ಈ ಕೆಂಪು ನೆಲದಲ್ಲಿಯೇ ಇದೆ. ಬೀದರ್ ನಿಂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಅದರ ಕೆಳಗೆ ಕರಿಗಲ್ಲಿನ ಹಾಸು. ತೂತು ತೂತಾದ ಜಂಬಿಟ್ಟಿಗೆ ಮಳೆಯ ನೀರನ್ನು ಹೀರಿ ಕೆಳಗಿಳಿಸುತ್ತದೆ, ಬುಡದ ಜೇಡಿಯೂ ಕರಿಗಲ್ಲೂ ಅದನ್ನು ತಡೆದು ಪಕ್ಕಕ್ಕೆ ಹರಿಸುತ್ತವೆ. ಪ್ರಸ್ಥಭೂಮಿಯ ಅಂಚಿನಲ್ಲಿರುವ ಝರಣಿ ನರಸಿಂಹನ ಗುಹೆಯಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದು ಹೋಗುವುದಕ್ಕೂ ಗುರುನಾನಕ್ ಝೀರಾದಲ್ಲಿ ಬುಗ್ಗೆ ಬತ್ತದೆ ಉಕ್ಕುವುದಕ್ಕೂ ಕಾರಣ ಇದೇ. ಬಹಮನಿ ಸುಲ್ತಾನ ಅಹಮದ್ ಶಾ 15ನೇ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದಾಗ, ನದಿಯಿಲ್ಲದ ಎತ್ತರದ ಊರಿಗೆ ಬೇಕಾದ ನೀರನ್ನು ಒದಗಿಸಿದ್ದು ಪರ್ಷಿಯಾದಿಂದ ಬಂದ ಕರೇಜ್ ವಿದ್ಯೆ. ಇರಾನಿನಲ್ಲಿ ಇದನ್ನೇ ಕನಾತ್ ಎನ್ನುತ್ತಾರೆ. ಅಲ್ಲಿನ ಹನ್ನೊಂದು ಕನಾತ್‌ಗಳು 2016ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ.

ಕರೇಜ್ ಎಂದರೆ ನೆಲದಡಿಯ ಸಣ್ಣ ಇಳಿಜಾರಿನ ಕಾಲುವೆ. ಎತ್ತರದ ಕಡೆ ಒರತೆ ಸಿಗುವ ತಾಯಿಬಾವಿ, ಅಲ್ಲಿಂದ ತಗ್ಗಿನ ಕಡೆಗೆ ಸುರಂಗ, ಸುರಂಗದುದ್ದಕ್ಕೂ ನೆಲದ ಮೇಲಕ್ಕೆ ತೆರೆದ ಗಾಳಿಕಿಂಡಿಗಳು, ಕೊನೆಯಲ್ಲಿ ನೀರು ಬೆಳಕಿಗೆ ಬರುವ ಬಾಯಿ. ರಾಟೆಯಾಗಲಿ, ಎತ್ತಾಗಲಿ, ಪಂಪಾಗಲಿ ಬೇಡ. ಬೀದರಿನ ಅಂಚಿನ ನೌಬಾದಿನಿಂದ ಅಲಿಯಾಬಾದಿನ ಕಡೆಗೆ ಸಾಗುವ, ನಾನು ನೋಡಲು ಬಂದ ಕಾಲುವೆಗೆ ಸುಮಾರು ಮೂರು ಕಿಲೋಮೀಟರ್ ಉದ್ದ, 21 ಗಾಳಿಕಿಂಡಿಗಳು. ಮಣ್ಣು, ಕಸ, ಮುಳ್ಳುಕಂಟಿ ತುಂಬಿಕೊಂಡಿದ್ದ ಈ ಕಿಂಡಿಗಳನ್ನು ಬಹುಕಾಲ ಜನರು ಬಿಡಿ ಬಿಡಿ ಹಾಳುಬಾವಿಗಳೆಂದೇ ತಿಳಿದಿದ್ದರು. ಅವುಗಳನ್ನು ಒಂದೇ ಗೆರೆಯಲ್ಲಿ ಜೋಡಿಸಿ ನಕ್ಷೆಗೆ ತಂದವರಲ್ಲಿ ಕೇರಳದ ಭೂಗೋಳ ಪ್ರಾಧ್ಯಾಪಕ ವಿ. ಗೋವಿಂದನ್‌ಕುಟ್ಟಿ ಪ್ರಮುಖರು. ಕೆಲಸದ ಮೊದಲ ಹಂತ ಆ ನಕ್ಷೆಯೇ ಎಂಬುದು ನನಗೆ ಇಲ್ಲಿಗೆ ಬಂದ ಮೇಲೆ ಮನದಟ್ಟಾಯಿತು. ನಾವು ಊರಿನಲ್ಲಿ ಒಂದು ದಾರವನ್ನೂ ಹಿಡಿದು ಅಳೆಯದೆ ಯಂತ್ರ ಇಳಿಸಿದ್ದೆವು.

ಬೆಳಗಿನ ಹತ್ತು ಗಂಟೆಗೆ ನೌಬಾದಿನಲ್ಲಿ ಆಟೊ ಇಳಿದು ಕಿಂಡಿಯಿಂದ ಕಿಂಡಿಗೆ ನಡೆದೆ. ಒಂದರ ಬಳಿ ಮೇಕೆ ಕಾಯುತ್ತಿದ್ದ ಹಿರಿಯರೊಬ್ಬರು, ಹೂಳೆತ್ತುವಾಗ ತಾವೂ ಕೂಲಿಗೆ ಹೋಗಿದ್ದುದಾಗಿ ಹೇಳಿದಾಗ, ನಾನು ಅಲ್ಲಿಯೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಚೌಕಾಕಾರದ ಆ ಕಿಂಡಿಯೊಳಗೆ ಬ್ಯಾಟರಿ ಬೆಳಕು ಬಿಟ್ಟರೆ, ಹಾರೆಯ ಮೊನೆ ಜಾರಿದ ಗೆರೆಗಳು ಕೆಂಪು ಗೋಡೆಯ ಮೇಲೆ ಓರೆಯಾಗಿ, ಒಂದರ ಕೆಳಗೊಂದು ಇಳಿದಿದ್ದವು. ಜಂಬಿಟ್ಟಿಗೆಯನ್ನು ಕಡಿಯುವಾಗ ಅದು ಮೆತ್ತಗಿದ್ದು ಗಾಳಿ ತಗುಲಿದಂತೆ ಗಟ್ಟಿಯಾಗುತ್ತದೆ. ಆದ್ದರಿಂದಲೇ ಗಾರೆಯ ಹಂಗಿಲ್ಲದೆ ಆ ಗೆರೆಗಳು ಇಂದಿಗೂ ಅಳಿಯದೆ ಉಳಿದಿವೆ. ಬುಡದಲ್ಲಿ ಅಂಗೈಯಗಲದ ನೀರು ಹೊಳೆಯಿತು. ಹರಿಯುತ್ತಿದೆಯೋ ನಿಂತಿದೆಯೋ ತಿಳಿಯಲಿಲ್ಲ. ಮೇಕೆ ಕಾಯುತ್ತಿದ್ದ ಆ ಕಾಕಾ ಒಂದು ಒಣ ಎಲೆಯನ್ನು ಕೆಳಗೆ ಬಿಟ್ಟರು. ಅದು ನೀರು ಮುಟ್ಟಿ, ತುಸು ತಿರುಗಿ, ನಿಧಾನವಾಗಿ ಕತ್ತಲೆಯೊಳಗೆ ಸರಿದುಹೋಯಿತು.

ಯಾವ ತುದಿಯಿಂದ ಕೆಲಸ ಶುರು ಮಾಡಬೇಕೆಂದು ಕೇಳಿದೆ.

"ಮ್ಯಾಲಿಂದ ಶುರು ಮಾಡಿದ್ರ ನೀರು ಎಲ್ಲಿ ಹೋಗ್ಬೇಕ್ರಿ ಸರ? ಹಿಂದಕ್ಕ ನಿಂತು ಒಳಗಿದ್ದವರ ಎದಿಮಟ ಬರ್ತದ. ಮೊದಲು ಕೆಳಗಿನ ಬಾಯಿ ಬಿಡಿಸ್ಬೇಕು. ಆಮ್ಯಾಲ ಒಂದೊಂದು ಕಿಂಡಿ ಹಿಡಕೊಂಡು ಮ್ಯಾಲಕ್ಕ ಹೋಗ್ಬೇಕು" ಎಂದರು.

ಕನಾತ್ ಅಗೆಯುವವರ ಕ್ರಮವೂ ಇದೇ. ಅವರು ಬಾಯಿಯಿಂದ ಹೊರಟು ತಾಯಿಬಾವಿಯ ಕಡೆಗೆ ಅಗೆಯುತ್ತಾರೆ; ಒರತೆ ಒಡೆದರೂ ನೀರು ಕಾಲಡಿಯಲ್ಲಿ ಹಿಂದಕ್ಕೆ ಹರಿದುಹೋಗುತ್ತದೆ. ಎರಡು ಕಿಂಡಿಗಳ ನಡುವಿನ ಭಾಗವನ್ನು ಒಂದು ಪಾಲೆಂದು ಹಿಡಿದರೆ, ಮಣ್ಣನ್ನು ಪುಟ್ಟಿಗೆ ತುಂಬಿ ಹತ್ತಿರದ ಕಿಂಡಿಯಿಂದ ಹಗ್ಗ ಹಾಕಿ ಎಳೆಯಬಹುದು, ಗಾಳಿಯೂ ಸಿಗುತ್ತದೆ. ಒಂದು ಪಾಲು ಮುಗಿದಲ್ಲಿ ಹಣ ತೀರಿದರೂ ಆದಷ್ಟು ಕೆಲಸ ವ್ಯರ್ಥವಾಗದು, ಕೆಳಗಿನ ದಾರಿ ತೆರೆದೇ ಇರುತ್ತದೆ. ಮುಚ್ಚಿಹೋಗಿದ್ದ ಕಿಂಡಿಗೆ ಇಳಿಯುವ ಮೊದಲು ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟು ನೋಡುತ್ತಿದ್ದೆವೆಂದೂ, ಅದು ಮಂಕಾದರೆ ಆ ದಿನ ಯಾರನ್ನೂ ಇಳಿಸುತ್ತಿರಲಿಲ್ಲವೆಂದೂ ಕಾಕಾ ಹೇಳಿದರು. ಎತ್ತಿದ ಮಣ್ಣನ್ನು ದೂರ ಸಾಗಿಸುವುದು ಎತ್ತುವಷ್ಟೇ ಕಷ್ಟದ ಕೆಲಸವೆಂದೂ, ಅಂಚಿನಲ್ಲೇ ಬಿಟ್ಟರೆ ಮೊದಲ ಮಳೆಗೆ ಅದು ಮತ್ತೆ ಒಳಗಿಳಿಯುತ್ತದೆಂದೂ ಕೈಯಾಡಿಸಿ ತೋರಿಸಿದರು. ನಮ್ಮೂರ ಕಾಲುವೆಯ ಹೂಳು ಇನ್ನೂ ಏರಿಯ ಮೇಲೆಯೇ ಕುಳಿತಿದೆ.

ಬೀದರಿನ ಹಳೆಯ ನೀರಿನ ಕಥೆ ಬೇಗನೆ ದೂರಕ್ಕೂ ತಲುಪಿತು. ಹಳೆಯ ಸ್ಮಾರಕಗಳ ಉಳಿವಿಗೆ ದುಡಿಯುವ ವಿಶ್ವ ಸ್ಮಾರಕ ನಿಧಿ (ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್) ತನ್ನ 2014ರ ಕಾಳಜಿಯ ಪಟ್ಟಿಯಲ್ಲಿ ಬೀದರ್ ನಗರವನ್ನೂ, 2020ರ ಪಟ್ಟಿಯಲ್ಲಿ ದಖ್ಖನ್ ಪ್ರಸ್ಥಭೂಮಿಯ ಪ್ರಾಚೀನ ಜಲವ್ಯವಸ್ಥೆಗಳನ್ನೂ ಸೇರಿಸಿತು. ಬರದಿಂದ ಜಿಲ್ಲೆ ಬೆಂದ ದಿನಗಳಲ್ಲಿ ಜಿಲ್ಲಾಧಿಕಾರಿಯಾಗಿದ್ದ ಅನುರಾಗ್ ತಿವಾರಿ ಕೆರೆಬಾವಿಗಳ ಹೂಳೆತ್ತಿಸಿದ್ದನ್ನು ಇಲ್ಲಿನ ಜನ ಇಂದಿಗೂ ಪ್ರೀತಿಯಿಂದ ಹೇಳುತ್ತಾರೆ.

ಕಿಂಡಿಗಳ ಗೆರೆ ಹಿಡಿದು ಮುಂದೆ ನಡೆದಂತೆ ಮನಸ್ಸು ಭಾರವಾಯಿತು. ಸುರಂಗ ಬಿಡಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಮೇಲಿನ ನೆಲ ಮಳೆಯನ್ನು ಕುಡಿಯುವಂತಿದ್ದರೆ ಮಾತ್ರ ಕೆಳಗೆ ಒರತೆ. ಆ ನೆಲದ ಮೇಲೆ ಲೇಔಟುಗಳ ಕಲ್ಲುಗಳು ನಿಲ್ಲುತ್ತಿವೆ, ಕಾಂಕ್ರೀಟು ಹರಡುತ್ತಿದೆ. ಒಂದು ಆಳದ ಕೊಳವೆಬಾವಿ, ಕರೇಜಿನ ಮಟ್ಟಕ್ಕಿಂತ ಕೆಳಗೆ ನೀರನ್ನು ಎಳೆದುಕೊಂಡರೆ, ಎಷ್ಟು ಚೊಕ್ಕವಾಗಿ ತೊಳೆದ ಸುರಂಗವೂ ಒಣಗಿ ನಿಲ್ಲುತ್ತದೆ. ಬಚ್ಚಲ ನೀರು ಕಿಂಡಿಗೆ ಇಳಿದರೆ, ಜಂಬಿಟ್ಟಿಗೆಯ ತೂತುಗಳು ಅದನ್ನೂ ಬೇಧವಿಲ್ಲದೆ ಒಳಗೆ ಬಿಟ್ಟುಕೊಳ್ಳುತ್ತವೆ. ಹೂಳೆತ್ತುವುದಕ್ಕೆ ಕೂಲಿಯೂ ಹಗ್ಗವೂ ಸಾಕಾಗಬಹುದು. ಜಲಮೂಲದ ನೆಲವನ್ನು ಕಟ್ಟಡಗಳಿಂದ ಕಾಯುವುದಕ್ಕೆ ಊರಿಗೆ ಊರೇ ಒಪ್ಪಬೇಕು, ಮತ್ತು ನನ್ನ ಎಣಿಕೆಯಲ್ಲಿ ಎಲ್ಲಕ್ಕಿಂತ ಉದ್ದವಾದ ಹಂತ ಅದೇ. ನಮ್ಮ ಕೆರೆಯ ಮೇಲ್ಬದಿಯ ಗೋಮಾಳದಲ್ಲಿಯೂ ಮೊರಂ ಅಗೆಯುವ ಟ್ರ್ಯಾಕ್ಟರುಗಳು ಓಡಾಡುತ್ತಿರುವುದು ಅಲ್ಲಿ ನಿಂತಿದ್ದಾಗ ನೆನಪಾಯಿತು.

ಸಂಜೆ ನಿಲ್ದಾಣಕ್ಕೆ ಬಂದು, ಗಾಡಿ ಹೊರಡುವ ಮೊದಲು ತಮ್ಮನಿಗೆ ಫೋನು ಮಾಡಿದೆ. ಈ ಸಲ ಯಂತ್ರ ಕರೆಸಬಾರದೆಂದೂ, ನಾಳೆಯೇ ಹಳ್ಳದ ಕಡೆಯ ಬಾಯಿಗೆ ಗೂಟ ಹೊಡೆದು ಅಲ್ಲಿಂದ ಮೇಲಕ್ಕೆ ನೂರು ನೂರು ಅಡಿಗೆ ಒಂದೊಂದು ಗುರುತು ಹಾಕಬೇಕೆಂದೂ ಹೇಳಿದೆ. ದೊಡ್ಡಪ್ಪನವರನ್ನು ಕೇಳದೆ ಅವರ ಹೊಲದಂಚಿನಲ್ಲಿ ಗೂಟ ಹೊಡೆಯುವುದು ಹೇಗೆ ಎಂದು ಅವನು ಅನುಮಾನಿಸಿದ. ನಾನು ಬಂದ ಮೇಲೆ ಇಬ್ಬರೂ ಕೂಡಿ ಅವರ ಮನೆಗೆ ಹೋಗೋಣ, ಮಾತು ನಾನೇ ಆಡುತ್ತೇನೆ ಎಂದೆ.