ಹಗ್ಗದಾಚೆ ನಿಂತ ಬಾಬಿ ಈಟನ್

ಬಾಬಿ ಈಟನ್ ಎಂಬ ಹೆಸರು ಒಂಟಿಯಾಗಿ ನೆನಪಿಗೆ ಬರುವುದು ಅಪರೂಪ. ಅದರ ಬೆನ್ನಿಗೇ ಡೆನಿಸ್ ಕಾಂಡ್ರಿ, ಸ್ಟ್ಯಾನ್ ಲೇನ್ ಅಥವಾ ಆರ್ನ್ ಆಂಡರ್ಸನ್ ಅವರ ಹೆಸರು ಬಂದು ನಿಲ್ಲುತ್ತದೆ. ಅಮೆರಿಕದ ವೃತ್ತಿಪರ ಕುಸ್ತಿಯಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ದುಡಿದ ಈ ಮನುಷ್ಯ ಆ ದುಡಿಮೆಯ ಬಹುಪಾಲನ್ನು ಜೋಡಿ ಕುಸ್ತಿಗೆ, ಅಂದರೆ ಟ್ಯಾಗ್ ಟೀಮ್ ಪಂದ್ಯಗಳಿಗೆ ಕೊಟ್ಟರು. 1980ರ ದಶಕದ ಅವರ ಪಂದ್ಯಗಳ ಹಳೆಯ ದೃಶ್ಯಗಳನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮೊದಮೊದಲು ಗೆಲ್ಲುವವರನ್ನು ನೋಡುತ್ತಿದ್ದೆ. ಈಗ ನನ್ನ ಕಣ್ಣು ಈಟನ್ ಅವರನ್ನು ಬಿಟ್ಟು ಕದಲುವುದಿಲ್ಲ.

ಅವರು ಹುಟ್ಟಿದ್ದು 1958ರ ಆಗಸ್ಟ್ 14ರಂದು, ಅಲಬಾಮಾ ರಾಜ್ಯದ ಹಂಟ್ಸ್‌ವಿಲ್‌ನಲ್ಲಿ. ಇನ್ನೂ ಹುಡುಗನಾಗಿದ್ದಾಗಲೇ ಕುಸ್ತಿ ನಡೆಯುವ ಜಾಗಕ್ಕೆ ಹೋಗಿ ರಿಂಗ್ ಕಟ್ಟಲು ಕೈಜೋಡಿಸುತ್ತಿದ್ದರು. ಟೋಜೋ ಯಮಮೊಟೊ ಅವರಿಂದ ಪಟ್ಟುಗಳನ್ನು ಕಲಿತು, 1976ರಲ್ಲಿ, ಹದಿನೇಳರ ವಯಸ್ಸಿನಲ್ಲಿ ನಿಕ್ ಗುಲಾಸ್ ಅವರ ಸಂಸ್ಥೆಯಲ್ಲಿ ಕಣಕ್ಕಿಳಿದರು. ಆಗ ಅಮೆರಿಕದ ಕುಸ್ತಿ ಪ್ರದೇಶವಾರು ಹಂಚಿಹೋಗಿತ್ತು. ಪ್ರತಿ ಪ್ರದೇಶಕ್ಕೂ ಒಬ್ಬ ಯಜಮಾನ, ವಾರಕ್ಕೊಮ್ಮೆ ಸುತ್ತುವ ಒಂದಷ್ಟು ಊರುಗಳು, ಸ್ಥಳೀಯ ದೂರದರ್ಶನದಲ್ಲಿ ಒಂದು ಕಾರ್ಯಕ್ರಮ. ಕುಸ್ತಿಪಟುವೊಬ್ಬ ಒಂದೆಡೆ ಕೆಲವು ತಿಂಗಳು ದುಡಿದು, ಜನರಿಗೆ ಅವನ ಮುಖ ಹಳತಾಗುವ ಹೊತ್ತಿಗೆ ಗಂಟುಮೂಟೆ ಕಟ್ಟಿಕೊಂಡು ಮುಂದಿನ ಪ್ರದೇಶಕ್ಕೆ ಹೊರಡುತ್ತಿದ್ದ. ಈಟನ್ ಕಸುಬು ಕಲಿತದ್ದು ಈ ಅಲೆದಾಟದಲ್ಲಿಯೇ. ಮೆಂಫಿಸ್‌ನಲ್ಲಿ ಮುಂದೆ ಕೋಕೋ ಬಿ. ವೇರ್ ಎಂದು ಹೆಸರಾದವರೊಂದಿಗೆ ಜೋಡಿಯಾದರು, ಅವರನ್ನೇ ಎದುರಾಳಿಯಾಗಿಯೂ ಎದುರಿಸಿದರು.

1983ರ ಕೊನೆಯಲ್ಲಿ ಮಿಡ್-ಸೌತ್ ಸಂಸ್ಥೆಯ ಬಿಲ್ ವಾಟ್ಸ್ ತಮ್ಮ ಪ್ರದೇಶಕ್ಕೆ ಹೊಸ ನೆತ್ತರು ಬೇಕೆಂದು ಮೆಂಫಿಸ್ ಕಡೆಯಿಂದ ಹಲವರನ್ನು ಕರೆಸಿಕೊಂಡರು. ಈಟನ್ ಮತ್ತು ಕಾಂಡ್ರಿ ಅವರನ್ನು ಒಂದುಗೂಡಿಸಿ, ಟೆನಿಸ್ ರಾಕೆಟ್ ಹಿಡಿದು ಅರಚುವ ಯುವಕ ಜಿಮ್ ಕಾರ್ನೆಟ್ ಅವರನ್ನು ಮ್ಯಾನೇಜರ್ ಆಗಿ ನಿಲ್ಲಿಸಲಾಯಿತು. ಕಾಂಡ್ರಿ ಹಿಂದೆ ಇನ್ನಿಬ್ಬರೊಂದಿಗೆ ಬಳಸುತ್ತಿದ್ದ ಮಿಡ್‌ನೈಟ್ ಎಕ್ಸ್‌ಪ್ರೆಸ್ ಎಂಬ ಹೆಸರೇ ಈ ಹೊಸ ಜೋಡಿಗೂ ಬಂತು. ಅದೇ ಹೊತ್ತಿಗೆ ರಿಕಿ ಮಾರ್ಟನ್ ಮತ್ತು ರಾಬರ್ಟ್ ಗಿಬ್ಸನ್ ಅವರ ರಾಕ್ 'ಎನ್' ರೋಲ್ ಎಕ್ಸ್‌ಪ್ರೆಸ್ ಕೂಡ ಅಲ್ಲಿಗೆ ಬಂದದ್ದು ಜೋಡಿ ಕುಸ್ತಿಯ ಭಾಗ್ಯವೆಂದೇ ನಾನು ಭಾವಿಸುತ್ತೇನೆ.

ಈ ಎರಡು ಜೋಡಿಗಳ ಪಂದ್ಯಗಳನ್ನು ಅರಿಯಬೇಕಾದರೆ ಜೋಡಿ ಕುಸ್ತಿಯ ಒಳಹೆಣಿಗೆಯನ್ನು ಸ್ವಲ್ಪ ತಿಳಿದಿರಬೇಕು. ಪ್ರತಿ ಜೋಡಿಯಿಂದ ಒಬ್ಬನೇ ರಿಂಗಿನೊಳಗೆ ಆಡುತ್ತಾನೆ, ಇನ್ನೊಬ್ಬ ಹಗ್ಗದಾಚೆ ಕಾಯುತ್ತಾನೆ; ಕೈ ತಾಗಿಸಿಕೊಂಡರಷ್ಟೇ ಅವನು ಒಳಗೆ ಬರಬಹುದು. ಫಲಿತಾಂಶ ಮೊದಲೇ ನಿಗದಿಯಾಗಿರುತ್ತದೆ. ಅದನ್ನು ಜನ ಮರೆಯುವಂತೆ ಮಾಡುವುದೇ ಕಸುಬು. ಖಳ ಜೋಡಿಯು ನಾಯಕ ಜೋಡಿಯ ಒಬ್ಬನನ್ನು ತನ್ನ ಮೂಲೆಗೆ ಎಳೆದುಕೊಂಡು, ಅವನ ಕೈ ಜೊತೆಗಾರನ ಕೈಯನ್ನು ಮುಟ್ಟದಂತೆ ನಿಮಿಷಗಟ್ಟಲೆ ತಡೆಯುತ್ತದೆ. ಅವನು ತೆವಳಿ ತೆವಳಿ ಬಂದು ಇನ್ನೇನು ಬೆರಳು ತಾಗಬೇಕು ಎನ್ನುವಾಗ ಕಾಲು ಹಿಡಿದು ಎಳೆಯಬೇಕು. ಒಂದು ಸಲ ರೆಫ್ರಿಯ ಗಮನ ಬೇರೆಡೆ ಇದ್ದಾಗ ಕೈ ತಾಗಿಯೂ ಅದು ಲೆಕ್ಕಕ್ಕೆ ಬರದಂತಾಗಬೇಕು. ಕೊನೆಗೆ ಕೈ ತಾಗಿದಾಗ ಸಭಾಂಗಣವೇ ಎದ್ದು ನಿಲ್ಲುತ್ತದೆ. ಆ ಗಳಿಗೆಯನ್ನು ಹಾಟ್ ಟ್ಯಾಗ್ ಎನ್ನುತ್ತಾರೆ. ಚಪ್ಪಾಳೆಯೆಲ್ಲ ಮಾರ್ಟನ್ ಅಥವಾ ಗಿಬ್ಸನ್ ಪಾಲಿಗೆ. ಆದರೆ ಆ ಚಪ್ಪಾಳೆಗೆ ಬೇಕಾದ ಸಂಕಟವನ್ನು ಕೂಡಿಟ್ಟವರು ಈಟನ್, ಮತ್ತು ಹಾಟ್ ಟ್ಯಾಗ್ ಆದೊಡನೆ ಹೊಡೆತಕ್ಕೊಂದರಂತೆ ಗಾಳಿಯಲ್ಲಿ ತಿರುಗಿ ಬಿದ್ದು, ಒಳಗೆ ನುಗ್ಗಿದವನನ್ನು ಸಿಡಿಲಿನಂತೆ ಕಾಣಿಸಿದವರೂ ಈಟನ್.

ಅವರ ಮುಷ್ಟಿಯ ಹೊಡೆತವನ್ನು ಸಹಕುಸ್ತಿಪಟುಗಳು ಇಂದಿಗೂ ಕೊಂಡಾಡುತ್ತಾರೆ. ನೋಡುವವರಿಗೆ ದವಡೆ ಮುರಿಯಿತೆನಿಸಬೇಕು, ಹೊಡೆಸಿಕೊಂಡವನಿಗೆ ನೋವಾಗಬಾರದು. ಈ ಕಲೆ ಒಲಿದವರು ಬೆರಳೆಣಿಕೆಯಷ್ಟು ಜನ. ಮೇಲಿನ ಹಗ್ಗದಿಂದ ಜಿಗಿದು ಕಾಲನ್ನು ಎದುರಾಳಿಯ ಮೇಲೆ ಇಳಿಸುತ್ತಿದ್ದ ಅವರ ಪಟ್ಟಿಗೆ ಅಲಬಾಮಾ ಜ್ಯಾಮ್ ಎಂದು ಹೆಸರು. ರಾಕೆಟ್ ಲಾಂಚರ್ ಎಂಬ ಜೋಡಿ ಪಟ್ಟಿನಲ್ಲಿ ಜೊತೆಗಾರ ಅವರನ್ನು ಮೂಲೆಯ ತುದಿಯಿಂದ ಎತ್ತಿ ಎಸೆಯುತ್ತಿದ್ದ, ಅವರು ಮೈಚಾಚಿ ಕೆಳಗೆ ಬಿದ್ದವನ ಮೇಲೆ ಬೀಳುತ್ತಿದ್ದರು. ಎಸೆಯುವ ಕೆಲಸ ಕಾಂಡ್ರಿ ಅಥವಾ ಲೇನ್ ಅವರದ್ದು, ಎಸೆಸಿಕೊಳ್ಳುವುದು ಎಂದಿಗೂ ಈಟನ್ ಅವರದ್ದು.

1985ರಲ್ಲಿ ಈಟನ್ ಮತ್ತು ಕಾಂಡ್ರಿ ಜಿಮ್ ಕ್ರಾಕೆಟ್ ಅವರ ಸಂಸ್ಥೆಗೆ ಬಂದರು. 1986ರ ಫೆಬ್ರವರಿಯಲ್ಲಿ ರಾಕ್ 'ಎನ್' ರೋಲ್ ಜೋಡಿಯಿಂದ ಎನ್‌ಡಬ್ಲ್ಯುಎ (ಪ್ರದೇಶವಾರು ಕುಸ್ತಿ ಸಂಸ್ಥೆಗಳ ಒಕ್ಕೂಟ) ವಿಶ್ವ ಟ್ಯಾಗ್ ಪಟ್ಟವನ್ನು ಗೆದ್ದರು, ಆಗಸ್ಟ್‌ನಲ್ಲಿ ಅವರಿಗೇ ಕಳೆದುಕೊಂಡರು. ಅದೇ ನವೆಂಬರ್‌ನಲ್ಲಿ, ಕ್ರಾಕೆಟ್ ಸಂಸ್ಥೆಯ ವಾರ್ಷಿಕ ದೊಡ್ಡ ಕಾರ್ಯಕ್ರಮವಾದ ಸ್ಟಾರ್‌ಕೇಡ್‌ನಲ್ಲಿ, ರಿಂಗಿನ ಮೇಲೆ ಎತ್ತರದಲ್ಲಿ ಕಟ್ಟಿದ ಅಟ್ಟಣಿಗೆಯ ಮೇಲೆ ರೋಡ್ ವಾರಿಯರ್ಸ್ ಜೋಡಿಯನ್ನು ಎದುರಿಸಬೇಕಾಯಿತು. ಅಲ್ಲಿಂದ ಕೆಳಗೆ ಬಿದ್ದವರಿಗೆ ಸೋಲು. ಬಿದ್ದವರು ಈಟನ್ ಮತ್ತು ಕಾಂಡ್ರಿ. ಆ ರಾತ್ರಿ ಅಟ್ಟಣಿಗೆಯಿಂದ ಜೋತಾಡಿ ಬಿದ್ದ ಕಾರ್ನೆಟ್ ಅವರ ಮೊಣಕಾಲಿಗೆ ನಿಜವಾಗಿಯೂ ಪೆಟ್ಟಾಯಿತು. ಮರುವರ್ಷದ ಸ್ಟಾರ್‌ಕೇಡ್‌ನಲ್ಲೂ ಮತ್ತೆ ಅಟ್ಟಣಿಗೆ, ಈ ಬಾರಿ ಎದುರಿಗೆ ಮಾರ್ಟನ್ ಮತ್ತು ಗಿಬ್ಸನ್, ಮತ್ತೆ ಸೋಲು. ಈ ಅಟ್ಟಣಿಗೆ ಪಂದ್ಯಗಳ ಬಗ್ಗೆ ನನಗೆ ಯಾವತ್ತೂ ಅಸಮಾಧಾನವಿದೆ. ನೆಲದ ಮೇಲೆ ಅಷ್ಟು ಸೊಗಸಾಗಿ ಕೆಲಸ ಮಾಡಬಲ್ಲವರನ್ನು ಹೆಜ್ಜೆ ಇಡಲೂ ಅಂಜುವಂಥ ಹಲಗೆಯ ಮೇಲೆ ನಿಲ್ಲಿಸಿದರೆ ಅಲ್ಲಿ ಕಾಣಿಸುವುದು ಭಯವೇ ಹೊರತು ಕುಸ್ತಿಯಲ್ಲ.

ಎರಡು ಸ್ಟಾರ್‌ಕೇಡ್‌ಗಳ ನಡುವೆ, 1987ರಲ್ಲಿ ಕಾಂಡ್ರಿ ಹಠಾತ್ತನೆ ಸಂಸ್ಥೆಯನ್ನು ತೊರೆದರು, ಅವರ ಜಾಗಕ್ಕೆ ಸ್ಟ್ಯಾನ್ ಲೇನ್ ಬಂದರು. ಜೊತೆಗಾರ ಬದಲಾದರೆ ಸಾಮಾನ್ಯವಾಗಿ ಜೋಡಿಯ ಕಥೆ ಮುಗಿದಂತೆಯೇ. ಇಲ್ಲಿ ಹಾಗಾಗಲಿಲ್ಲ. ಕಾಂಡ್ರಿ ಒರಟು, ನಿಧಾನದ ಖಳ; ಲೇನ್ ಚುರುಕು, ಕರಾಟೆ ಒದೆತಗಳ ಶೋಕಿಗಾರ. ಈಟನ್ ಇಬ್ಬರ ಲಯಕ್ಕೂ ತಮ್ಮ ಲಯವನ್ನು ಹೊಂದಿಸಿಕೊಂಡರು. 1988ರ ಸೆಪ್ಟೆಂಬರ್ 10ರಂದು ಫಿಲಡೆಲ್ಫಿಯಾದಲ್ಲಿ ಆರ್ನ್ ಆಂಡರ್ಸನ್ ಮತ್ತು ಟಲಿ ಬ್ಲಾಂಚಾರ್ಡ್ ಅವರನ್ನು ಮಣಿಸಿ ವಿಶ್ವ ಟ್ಯಾಗ್ ಪಟ್ಟವನ್ನು ಪಡೆದಾಗ, ಅಮೆರಿಕ ಟ್ಯಾಗ್ ಪಟ್ಟವೂ ಇವರ ಬಳಿಯೇ ಇತ್ತು. ಏಳು ವಾರಗಳ ಬಳಿಕ ನ್ಯೂ ಆರ್ಲಿಯನ್ಸ್‌ನಲ್ಲಿ ರೋಡ್ ವಾರಿಯರ್ಸ್ ಜೋಡಿ ಇವರನ್ನು ನಿರ್ದಯವಾಗಿ ಬಡಿದು ವಿಶ್ವ ಪಟ್ಟವನ್ನು ಕಿತ್ತುಕೊಂಡಿತು.

1990ರಲ್ಲಿ ಕಾರ್ನೆಟ್ ಮತ್ತು ಲೇನ್ ಡಬ್ಲ್ಯುಸಿಡಬ್ಲ್ಯು (ಕ್ರಾಕೆಟ್ ಅವರ ಸಂಸ್ಥೆ ಕೈಬದಲಾದ ಮೇಲೆ ಪಡೆದ ಹೆಸರು) ಬಿಟ್ಟು ಹೊರನಡೆದರು, ಈಟನ್ ಉಳಿದರು. ಸಂಸಾರವಂತನ ನಿರ್ಧಾರವೆಂದು ನಾನು ಅದನ್ನು ಗೌರವಿಸುತ್ತೇನೆ. ಒಂಟಿಯಾಗಿ ಅವರಿಗೆ ಸಿಕ್ಕ ದೊಡ್ಡ ಅವಕಾಶ 1991ರ ಮೇ 19ರದ್ದು. ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನಡೆದ ಸೂಪರ್‌ಬ್ರಾಲ್ ಕಾರ್ಯಕ್ರಮದಲ್ಲಿ ಅಲಬಾಮಾ ಜ್ಯಾಮ್ ಹಾಕಿ ಆಂಡರ್ಸನ್ ಅವರಿಂದ ಟೆಲಿವಿಷನ್ ಪಟ್ಟವನ್ನು ಗೆದ್ದಾಗ ಜನ ಮನಸಾರೆ ಕೂಗಿದರು. ಪಟ್ಟ ಅವರ ಬಳಿ ಉಳಿದದ್ದು ಸುಮಾರು ಎರಡೇ ವಾರ. ಸ್ಟೀವ್ ಆಸ್ಟಿನ್ ಎಂಬ ಹೊಸಬರಿಗೆ ಅದನ್ನು ಒಪ್ಪಿಸಿದರು. ಅದೇ ಜೂನ್‌ನಲ್ಲಿ ರಿಕ್ ಫ್ಲೇರ್ ಅವರೊಂದಿಗೆ ಮೂರರಲ್ಲಿ ಎರಡು ಗೆಲ್ಲಬೇಕಾದ ಪಂದ್ಯವಾಡಿದರು. ಅದನ್ನು ನೋಡಿದಾಗಲೆಲ್ಲ, ಈ ಮನುಷ್ಯನಿಗೆ ಇನ್ನೊಂದು ವರ್ಷ ಹೀಗೆ ಒಂಟಿಯಾಗಿ ಆಡಲು ಬಿಟ್ಟಿದ್ದರೆ ಎಂದು ಮನಸ್ಸು ಹಳಹಳಿಸುತ್ತದೆ.

ಬಿಡಲಿಲ್ಲ. ವರ್ಷದ ಕೊನೆಗೆ ಅವರು ಡೇಂಜರಸ್ ಅಲಯನ್ಸ್ ಎಂಬ ಖಳರ ಕೂಟದಲ್ಲಿದ್ದರು. 1992ರ ಜನವರಿಯಲ್ಲಿ ಆಂಡರ್ಸನ್ ಅವರನ್ನೇ ಜೊತೆಗಾರರಾಗಿ ಪಡೆದು ಸ್ಟೈನರ್ ಸಹೋದರರಿಂದ ವಿಶ್ವ ಟ್ಯಾಗ್ ಪಟ್ಟವನ್ನು ಗೆದ್ದರು. ಆ ಮೇ ತಿಂಗಳ ವಾರ್‌ಗೇಮ್ಸ್ ಪಂದ್ಯವನ್ನು, ಅಂದರೆ ಎರಡು ರಿಂಗುಗಳನ್ನು ಪಂಜರದಿಂದ ಮುಚ್ಚಿ ಎರಡು ತಂಡಗಳು ಆಡುವ ಪಂದ್ಯವನ್ನು, ಆ ಬಗೆಯ ಪಂದ್ಯಗಳಲ್ಲೇ ಉತ್ತಮವೆಂದು ಬಹಳ ಜನ ಎಣಿಸುತ್ತಾರೆ. ಅದರ ಕೊನೆಯಲ್ಲಿ ಲ್ಯಾರಿ ಝಬಿಸ್ಕೋ ಬೀಸಿದ ಲೋಹದ ಸರಳು ಸ್ಟಿಂಗ್ ಅವರಿಗೆ ತಪ್ಪಿ ಈಟನ್ ಅವರ ತೋಳಿಗೆ ಬೀಳುತ್ತದೆ, ಸ್ಟಿಂಗ್ ಆ ತೋಳನ್ನೇ ತಿರುಚಿ ಹಿಡಿದು ಅವರಿಂದ ಸೋಲೊಪ್ಪಿಸುತ್ತಾರೆ. ರಿಕ್ ರೂಡ್, ಆಸ್ಟಿನ್, ಆಂಡರ್ಸನ್ ಎಲ್ಲರೂ ಇದ್ದ ಆ ತಂಡದಲ್ಲಿ ಸೋಲನ್ನು ಮೈಮೇಲೆ ಹಾಕಿಕೊಳ್ಳಲು ಈಟನ್ ಅವರನ್ನು ಆರಿಸಿದ್ದು ಆಕಸ್ಮಿಕವಲ್ಲ; ಸೋಲನ್ನು ಅಷ್ಟು ನಂಬುವಂತೆ ಸೋಲಬಲ್ಲವರು ಅವರೇ.

1995ರಲ್ಲಿ ಲಾರ್ಡ್ ಸ್ಟೀವನ್ ರೀಗಲ್ ಅವರ ಜೊತೆಗಾರರಾಗಿ, ಅಲಬಾಮಾದ ಈ ಹುಡುಗ ಅರ್ಲ್ ರಾಬರ್ಟ್ ಈಟನ್ ಎಂಬ ಇಂಗ್ಲಿಷ್ ಶ್ರೀಮಂತನ ವೇಷವನ್ನೂ ಹಾಕಿದರು. ಆಮೇಲಿನ ವರ್ಷಗಳಲ್ಲಿ ಹೆಚ್ಚಾಗಿ ಬೇರೆಯವರಿಗೆ ಸೋಲುವುದೇ ಕೆಲಸವಾಯಿತು. ಬಳಿಕ ಹೊಸಬರಿಗೆ ಕಲಿಸಿದರು, ಕಾಂಡ್ರಿ ಮತ್ತು ಲೇನ್ ಅವರೊಂದಿಗೆ ಸಣ್ಣ ಸಂಸ್ಥೆಗಳ ಕಾರ್ಯಕ್ರಮಗಳಲ್ಲಿ ಮತ್ತೆ ಕಾಣಿಸಿಕೊಂಡರು.

ಅವರ ಪತ್ನಿ ಕುಸ್ತಿಪಟು ಬಿಲ್ ಡಂಡಿ ಅವರ ಮಗಳು. 2021ರ ಜೂನ್‌ನಲ್ಲಿ ಆಕೆ ತೀರಿಕೊಂಡರು. ಆಗಸ್ಟ್ 4ರಂದು, ಅರುವತ್ತಮೂರನೆಯ ಹುಟ್ಟುಹಬ್ಬಕ್ಕೆ ಹತ್ತು ದಿನ ಉಳಿದಿರುವಾಗ, ಈಟನ್ ಕೂಡ ಹೋದರು. ಆ ದಿನಗಳಲ್ಲಿ ಹಳೆಯ ಜೊತೆಗಾರರು ಮತ್ತು ಎದುರಾಳಿಗಳು ಹೇಳಿದ ಮಾತುಗಳಲ್ಲಿ ಪಟ್ಟಗಳಿಗಿಂತ ಅವರ ಒಳ್ಳೆಯತನದ ಪ್ರಸ್ತಾಪವೇ ಹೆಚ್ಚಿತ್ತು. ನಾನು ಅಂದು ರಾತ್ರಿ 1988ರ ಮಾರ್ಚ್‌ನಲ್ಲಿ ಗ್ರೀನ್ಸ್‌ಬರೋದಲ್ಲಿ ಫೆಂಟಾಸ್ಟಿಕ್ಸ್ ಜೋಡಿಯ ವಿರುದ್ಧ ನಡೆದ ಪಂದ್ಯವನ್ನು ಹಾಕಿಕೊಂಡು ನೋಡಿದೆ. ಲೇನ್ ಒಳಗಿದ್ದಾಗ ಈಟನ್ ಹಗ್ಗದಾಚೆ ನಿಂತು ಕಾಯುತ್ತಿದ್ದರು.